ಕರಿಗಾಳನ ಬೇಡಿಕೆ

ಸೋಲುವುದೂ ಒಂದು ಕಸುಬು ಎಂದರೆ ಯಾರೂ ನಂಬುವುದಿಲ್ಲ. ಆದರೆ ನಮ್ಮ ಛತ್ರಿಯಣ್ಣ ವಾರವಿಡೀ ಛತ್ರಿ ರಿಪೇರಿ ಮಾಡಿ, ಭಾನುವಾರ ಬಂತೆಂದರೆ ಸೋಲುವುದಕ್ಕೆ ಹೊರಡುತ್ತಿದ್ದ. ಅದೂ ಎಂಥ ಸೋಲು! ಬಣ್ಣದ ಬಲೂನುಗಳ ಕೆಳಗೆ, ಒಂದು ಹಿಂಡು ಮಕ್ಕಳ ಮುಂದೆ, ಕೇಕಿನ ಮೇಜಿನ ಪಕ್ಕದಲ್ಲಿ ಅಂಗಾತ ಬಿದ್ದು, ಸ್ವಂತ ಬಾಮೈದನ ಕಾಲನ್ನು ಎದೆಯ ಮೇಲೆ ಇಡಿಸಿಕೊಂಡು ಸೋಲುವ ಸೋಲು.

ಸಂಗತಿ ಇಷ್ಟೇ. ನಮ್ಮ ಊರಿನ ಮಕ್ಕಳಿಗೆಲ್ಲ ವಾರವಾರ ಬರುವ ಒಂದು ಚಿತ್ರಕಥೆ ಪುಸ್ತಕದ ಹುಚ್ಚು. ಅದರಲ್ಲಿ ನೀಲಿ ಉಡುಪು ತೊಟ್ಟ ಮಿಂಚುಳ್ಳಿ ಎಂಬ ಮಹಾವೀರ ಆಕಾಶದಿಂದ ಧುಮುಕಿ ದುಷ್ಟರನ್ನು ಸದೆಬಡಿಯುತ್ತಾನೆ. ದುಷ್ಟರಲ್ಲೆಲ್ಲ ದೊಡ್ಡ ದುಷ್ಟ ಕರಿಗಾಳ. ಕರಿ ಮುಸುಕು, ಕರಿ ರೆಕ್ಕೆ, ಕೈಯಲ್ಲೊಂದು ಕೊಕ್ಕೆ. ಮೊದಲ ಪುಟದಲ್ಲಿ ಬ್ಯಾಂಕು ದೋಚಲು ಹೊಂಚು ಹಾಕುತ್ತಾನೆ, ಕೊನೆಯ ಪುಟದಲ್ಲಿ ಒದೆ ತಿಂದು ಜೈಲಿಗೆ ಹೋಗುತ್ತಾನೆ. ಮುಂದಿನ ವಾರ ಮತ್ತೆ ಹೇಗೋ ಹೊರಗೆ ಬಂದಿರುತ್ತಾನೆ. ಹೇಗೆ ಅಂತ ಒಂದು ಮಗುವೂ ಕೇಳಿದ್ದಿಲ್ಲ. ಹುಟ್ಟಿದ ಹಬ್ಬಕ್ಕೆ ಮಿಂಚುಳ್ಳಿಯೇ ಬರಬೇಕೆಂದು ಮಕ್ಕಳು ಹಟ ಹಿಡಿಯತೊಡಗಿದಾಗ, ಆ ಹಟದಲ್ಲೊಂದು ವ್ಯಾಪಾರವಿದೆ ಎಂದು ಕಂಡುಕೊಂಡವನು ಛತ್ರಿಯಣ್ಣನ ಬಾಮೈದ. ಅವನು ಮಿಂಚುಳ್ಳಿಯಾದ. ಕರಿಗಾಳನಾಗಲು ಮನೆಯಲ್ಲೇ ಒಬ್ಬ ಭಾವ ಇದ್ದ.

ಅವರ ಆಟಕ್ಕೊಂದು ಕಟ್ಟಳೆ ಇತ್ತು. ಹುಟ್ಟಿದ ಹಬ್ಬದ ಮಗುವನ್ನು ಹಾಲ್‌ನ ನಟ್ಟನಡುವೆ ಒಂದು ಕುರ್ಚಿಯ ಮೇಲೆ ಕೂರಿಸಬೇಕು. ಮನೆಯವರೊಬ್ಬರು ಬಗ್ಗಿ, "ಹೇಳು ಚಿನ್ನ, ನಿನಗೆ ಯಾರು ಬೇಕು?" ಎಂದು ಕೇಳಬೇಕು. ಮಗು "ಮಿಂಚುಳ್ಳಿ!" ಎಂದು ಕಿರುಚುವಷ್ಟರಲ್ಲಿ ಹಿಂಬಾಗಿಲಿನಿಂದ ಕರಿಗಾಳ ನುಗ್ಗಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿ, ಮೆಟ್ಟಿಲ ಹಿಂದೆ ಅಡಗಬೇಕು. ಆಮೇಲೆ ಮುಂಬಾಗಿಲಿನಿಂದ ಮಿಂಚುಳ್ಳಿ ಬಂದು, ಹುಡುಕಿ, ಹೊಡೆದು, ಬಿಡಿಸಿ, ಚಪ್ಪಾಳೆ ಗಿಟ್ಟಿಸಬೇಕು. ಅಂದರೆ "ನಿನಗೆ ಯಾರು ಬೇಕು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಛತ್ರಿಯಣ್ಣನ ಕಾಲುಗಳು ತಾವಾಗಿಯೇ ಓಡತೊಡಗುತ್ತಿದ್ದವು. ನಿದ್ದೆಯಲ್ಲಿ ಕೇಳಿದರೂ ಅಷ್ಟೇ.

ಹಿಂದಿನ ಭಾನುವಾರ ಒಂದು ಅವಮಾನ ನಡೆದುಹೋಗಿತ್ತು. ಮಿಂಚುಳ್ಳಿ ಹುಡುಕುವ ನಟನೆ ಮಾಡುತ್ತಿದ್ದಾಗ ಒಂದು ಪುಟ್ಟ ಮಗು ಬಿಸ್ಕತ್ತು ಕಡಿಯುತ್ತಲೇ, "ಮೆಟ್ಟಿಲ ಹಿಂದೆ ಇರ್ತಾನೆ ಅಂಕಲ್, ಎಲ್ಲರ ಬರ್ತ್‌ಡೇಲೂ ಅಲ್ಲೇ ಕೂತಿರ್ತಾನೆ" ಎಂದುಬಿಟ್ಟಿತು. ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು ಹೆಂಡತಿಯ ಹತ್ತಿರ ಸಂಕಟ ತೋಡಿಕೊಂಡರೆ ಅವಳು ಅಕ್ಕಿ ಆರಿಸುತ್ತಾ, "ಮತ್ತೆ ಒಂದು ಸಲನಾದ್ರೂ ನೆಟ್ಟಗೆ ಬಚ್ಚಿಟ್ಕೊಳ್ಳಬಾರದಾ ರೀ?" ಎಂದಳು. ಆ ಮಾತು ತಲೆಯೊಳಗೆ ಕೂತುಬಿಟ್ಟಿತು.

ಈ ಭಾನುವಾರ ಮಧ್ಯಾಹ್ನ ಅವರಿಬ್ಬರೂ ಒಂದು ದೊಡ್ಡ ವಸತಿ ಕಟ್ಟಡದ ಹಿಂದಿನ ಓಣಿಯಲ್ಲಿ ವೇಷ ಕಟ್ಟಿಕೊಳ್ಳುತ್ತಿದ್ದರು.

"ಭಾವ, ಮೂರನೇ ಮಹಡಿ. ಹಿಂಬಾಗಿಲ ಚಿಲಕ ತೆಗೆದಿಟ್ಟಿರ್ತಾರೆ. ಎತ್ಕೊಳ್ಳಿ, ನಗಿ, ಓಡಿ. ಮೆಟ್ಟಿಲ ಹಿಂದೆ ಕೂತಿರಿ, ನಾನು ಬರ್ತೀನಿ" ಎಂದ ಬಾಮೈದ, ನೀಲಿ ಚಡ್ಡಿಯನ್ನು ಮೇಲೆಳೆದುಕೊಳ್ಳುತ್ತಾ.

"ಮೆಟ್ಟಿಲ ಹಿಂದೆ ಯಾಕೋ? ಮಕ್ಕಳಿಗೆಲ್ಲ ಗೊತ್ತಾಗಿಬಿಟ್ಟಿದೆ."

"ಗೊತ್ತಾದ್ರೆ ಆಗ್ಲಿ ಬಿಡಿ. ನೀವೇನು ನಿಜವಾಗ್ಲೂ ಮಗು ಕದೀತಾ ಇದೀರಾ? ಅದಿರ್ಲಿ, ಆ ರೆಕ್ಕೆ ಗುಂಡಿ ಸರಿಮಾಡಿದ್ರೋ ಇಲ್ವೋ? ಊರವರ ಛತ್ರಿಯೆಲ್ಲ ರಿಪೇರಿ ಮಾಡ್ತೀರಿ, ನಿಮ್ಮದು ಮಾತ್ರ ಹೋದಲ್ಲಿ ಬಂದಲ್ಲಿ ಬಿಚ್ಕೊಳ್ಳುತ್ತೆ."

ಕರಿಗಾಳನ ರೆಕ್ಕೆ ಎರಡು ಹಳೆ ಛತ್ರಿಗಳಿಂದ ಛತ್ರಿಯಣ್ಣನೇ ಹೊಲಿದುಕೊಂಡದ್ದು. ಬಟ್ಟೆ ಛತ್ರಿಯದು, ಕಡ್ಡಿಗಳೂ ಛತ್ರಿಯವೇ. ಸೊಂಟದ ಹತ್ತಿರ ಒಂದು ಗುಂಡಿ. ಒತ್ತಿದರೆ ಟಪ್ ಎಂದು ಎರಡೂ ಕಡೆ ರೆಕ್ಕೆ ಬಿಚ್ಚಿಕೊಂಡು, ಮುಂದಿದ್ದವರ ಎದೆ ಧಸಕ್ಕೆನ್ನಬೇಕು. ಆದರೆ ಸ್ಪ್ರಿಂಗು ಸಡಿಲ. ಬೇಕೆಂದಾಗ ಬಿಚ್ಚದು, ಬೇಡವೆಂದಾಗ ಬಿಚ್ಚದೆ ಬಿಡದು. ಜೇಬು ಮಾತ್ರ ಇಡೀ ಉಡುಪಿನಲ್ಲಿ ಒಂದೂ ಇರಲಿಲ್ಲ. ದುಷ್ಟರಿಗೆ ಜೇಬೇಕೆ ಎಂಬುದು ಅವನ ವಾದ. ಹಾಗಾಗಿ ಅವನ ಫೋನು ಬಾಮೈದನ ಚೀಲದಲ್ಲಿ ಉಳಿಯಿತು.

ಗೇಟಿನಲ್ಲಿ ಕಾವಲುಗಾರ ಕೂತಿದ್ದ. "ಹುಟ್ಟಿದ ಹಬ್ಬದ ಮನೆ ಯಾವುದಪ್ಪಾ?" ಎಂದು ಒಂದು ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕರಿಗಾಳ ಕಾವಲುಗಾರನ ಹತ್ತಿರ ವಿಳಾಸ ಕೇಳುವುದುಂಟೇ? ಮಾನ ಮರ್ಯಾದೆ ಬೇಡವೇ? ಅವನು ಹಿಂದಿನ ಗಿಡ್ಡ ಗೋಡೆ ಹಾರಿ, ಮೊಣಕಾಲು ತರಚಿಕೊಂಡು, ಕಸದ ಬುಟ್ಟಿಗಳ ನಡುವಿನಿಂದ ಹಿಂಬದಿಯ ಮೆಟ್ಟಿಲಿಗೆ ಬಂದ. ಕೆಳಗೆ ಕಾರು ನಿಲ್ಲಿಸುವ ಜಾಗ. ಅದನ್ನು ಒಂದು ಅಂತ ಎಣಿಸಿದ. ಮುಂದಿನದು ಎರಡು. ಅದರ ಮುಂದಿನದು ಮೂರು. ಮೂರರಲ್ಲಿ ಹಿಂಬಾಗಿಲು ತಳ್ಳಿದರೆ, ಅದು ತೆರೆದುಕೊಂಡಿತು.

ಎಡವಟ್ಟಾದದ್ದು ಇಲ್ಲೇ. ಕಾರು ನಿಲ್ಲಿಸುವ ಜಾಗವನ್ನು ಯಾರಾದರೂ ಮಹಡಿ ಎನ್ನುತ್ತಾರೆಯೇ? ಹುಟ್ಟಿದ ಹಬ್ಬ ಮೇಲಿನ ಮಹಡಿಯಲ್ಲಿ. ಇದು ಎರಡನೆಯ ಮಹಡಿ. ಈ ಮನೆಯ ಅಜ್ಜಿ ಕಸ ಹಾಕಿ ಬಂದು ಚಿಲಕ ಹಾಕಲು ಮರೆತಿದ್ದಳು, ಅಷ್ಟೇ.

ಅವನು ಅಡುಗೆಮನೆಯ ಪರದೆಯ ಸಂದಿಯಿಂದ ಇಣುಕಿದ. ಹಾಲ್ ತುಂಬ ಜನ. ಎರಡು ಸಾಲಾಗಿ, ಎದುರುಬದುರು, ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಬಲೂನಿಲ್ಲ, ಬಣ್ಣದ ಕಾಗದವಿಲ್ಲ. ಜಿಪುಣರು, ಅಂದುಕೊಂಡ. ಆದರೆ ನಟ್ಟನಡುವೆ ಕುರ್ಚಿ ಇತ್ತು. ಕುರ್ಚಿಯ ಮೇಲೆ ಹಳದಿ ಫ್ರಾಕಿನ, ಏಳೆಂಟು ವರ್ಷದ ಹುಡುಗಿ, ತನ್ನ ಮಂಡಿಯನ್ನೇ ನೋಡುತ್ತಾ ಕೂತಿದ್ದಳು. ಕರಿ ಕೋಟಿನವನೊಬ್ಬ ಅವಳ ಮುಂದೆ ಬಗ್ಗಿದ.

"ಹೇಳಮ್ಮ ಪುಟ್ಟಿ, ಹೆದರ್ಕೋಬೇಡ. ನಿನಗೆ ಯಾರು ಬೇಕು?"

ಛತ್ರಿಯಣ್ಣನ ಕಾಲುಗಳು ಓಡಿಬಿಟ್ಟವು.

"ಹಹ್ಹಹ್ಹಾ! ಈ ಮಗು ಇನ್ನು ನನ್ನದು! ತಾಕತ್ತಿದ್ದರೆ ಬಿಡಿಸಿಕೊಳ್ಳಿ!"

ಟಪ್ ಎಂದು ರೆಕ್ಕೆ ಬಿಚ್ಚಿತು. ಕಡ್ಡಿಯೊಂದು ತಾಗಿ ಹೂದಾನಿ ನೆಲಕ್ಕೆ ಬಿದ್ದು ಚೂರಾಯಿತು. ಬೇರೆ ಮನೆಗಳಲ್ಲಾದರೆ ಈ ಹೊತ್ತಿಗೆ ದೊಡ್ಡವರೆಲ್ಲ ಕಿಸಕ್ಕೆಂದು ನಗುತ್ತಾರೆ, ಫೋನು ಹಿಡಿದು ಫೋಟೋ ತೆಗೆಯುತ್ತಾರೆ. ಇಲ್ಲಿ ಯಾರೂ ನಗಲಿಲ್ಲ. ಒಬ್ಬ ಹೆಂಗಸಿನ ಕೈಯಿಂದ ಲೋಟ ಜಾರಿತು. ಒಬ್ಬ ಗಂಡಸು ಬಾಯಿ ತೆರೆದವನು ತೆರೆದೇ ಇದ್ದ. ಆಹಾ, ಎಂಥ ಅಭಿನಯ, ಇಂಥ ಮನೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡು ಛತ್ರಿಯಣ್ಣ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡ. ಅವಳು ಅಳಲಿಲ್ಲ, ಒದೆಯಲಿಲ್ಲ. ಎರಡೂ ಕೈಯಿಂದ ಅವನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಳು. ಅವನು ಹಿಂಬಾಗಿಲು ದಾಟಿ, ಹೊರಗಿನಿಂದ ಅಗುಳಿ ಜಡಿದ. ಅಗುಳಿ ಜಡಿಯುವುದು ಕಟ್ಟಳೆಯಲ್ಲಿರಲಿಲ್ಲ. ಅದು ಈ ಭಾನುವಾರದ ಹೊಸ ಸೇರ್ಪಡೆ.

ಬೆನ್ನ ಹಿಂದೆ ಗದ್ದಲ ಶುರುವಾಯಿತು. ಮುಸುಕಿನೊಳಗಿನ ಅವನ ಕಿವಿಗೆ ಅದು ಬರೀ ಗದ್ದಲ. ಆದರೆ ಅಲ್ಲಿ ಆಡಿದ ಮಾತುಗಳನ್ನು ಅಜ್ಜಿ ಆಮೇಲೆ ಕಟ್ಟಡದವರಿಗೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ಹುಡುಗಿಯ ಅಪ್ಪ ಅಮ್ಮ ಬೇರೆಯಾಗಲು ಹೊರಟಿದ್ದರು. ಮಗು ಯಾರ ಹತ್ತಿರ ಇರಬೇಕೆಂದು ತೀರ್ಮಾನ ಮಾಡಲು ಎರಡೂ ಕಡೆಯವರು ವಕೀಲರನ್ನು ಕೂರಿಸಿಕೊಂಡು ಸೇರಿದ್ದರು. ಮಗುವನ್ನೇ ಕೇಳಿಬಿಡೋಣ ಎಂದು ನಡುವಿನ ಕುರ್ಚಿಯಲ್ಲಿ ಕೂರಿಸಿದ್ದರು. ಕರಿಗಾಳ ಬಂದು ಹೋದ ಮೇಲೆ ಮೊದಲು ಬಾಯಿ ಬಂದದ್ದು ಹುಡುಗಿಯ ಸೋದರಮಾವನಿಗೆ.

"ಇದು ನಿಮ್ಮ ಕಡೆಯವರದೇ ಕಿತಾಪತಿ! ನ್ಯಾಯವಾಗಿ ಸಿಗಲ್ಲ ಅಂತ ಗೊತ್ತಾಯ್ತು, ರೌಡಿ ಕರೆಸಿದ್ರಿ!"

"ನಾವಾ?" ಎಂದಳು ಅಜ್ಜಿ, ಅಪ್ಪನ ಅಮ್ಮ. "ಮಗುನ ಎತ್ಕೊಂಡು ಹೋಗ್ತೀನಿ ಅಂತ ಫೋನಲ್ಲಿ ಕೂಗಾಡಿದ್ದು ನಿನ್ನ ತಂಗಿ ಅಲ್ವೇನೋ? ಯಾವ ನಾಟಕದ ಕಂಪನಿಯಿಂದ ಹಿಡ್ಕೊಂಡು ಬಂದ್ರೋ ಆ ಮುಸುಕಿನವನ್ನ!"

ಹೀಗೆ ಒಬ್ಬರ ಮೇಲೊಬ್ಬರು ಹರಿಹಾಯುತ್ತಾ, ಓಡಿ ಹೋಗಿ ಹಿಡಿಯಬೇಕೆಂಬುದೇ ಸ್ವಲ್ಪ ಹೊತ್ತು ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ ಹಿಂಬಾಗಿಲಿಗೆ ಹೊರಗಿನಿಂದ ಅಗುಳಿ ಬಿದ್ದಿತ್ತು. ಅಮ್ಮ ಮಾತ್ರ ಆಗಲೇ ಮುಂಬಾಗಿಲಿನಿಂದ ಬರಿಗಾಲಲ್ಲಿ ಓಡಿದ್ದಳು, ಕೆಳಗೆ. ಕಳ್ಳರು ಮೇಲೆ ಓಡುತ್ತಾರೆಂದು ಯಾರಿಗೆ ಗೊತ್ತು?

ಛತ್ರಿಯಣ್ಣ ಮೆಟ್ಟಿಲ ಹಿಂದಿನ ಜಾಗವನ್ನು ನೋಡಿ ಮೂಗು ಮುರಿದ. ಇವತ್ತು ಬೇರೆ. ಹುಡುಗಿಯನ್ನು ಹೊತ್ತುಕೊಂಡು ಏದುಸಿರು ಬಿಡುತ್ತಾ ತಾರಸಿಗೆ ಏರಿದ. ನೀರಿನ ಟ್ಯಾಂಕುಗಳ ಆಚೆ, ಲಿಫ್ಟಿನ ಮೋಟಾರು ಇಡುವ ಒಂದು ಗೂಡಿನಂಥ ಕೋಣೆ. ರೆಕ್ಕೆ ಮಡಚಿಕೊಂಡು ಒಳಗೆ ಹೊಕ್ಕು ಬಾಗಿಲು ಮುಚ್ಚಿ ಚಿಲಕ ಹಾಕಿದ. ಎಣ್ಣೆಯ ವಾಸನೆ. ಆಳೆತ್ತರದ ಕಬ್ಬಿಣದ ಚಕ್ರ, ಅದರ ಮೇಲೆ ದಪ್ಪ ತಂತಿ. ಇಬ್ಬರು ನಿಲ್ಲಬಹುದಾದಷ್ಟೇ ಜಾಗ. ಗೋಡೆಯಲ್ಲಿ ಒಂದು ಜಾಲರಿ ಕಿಟಕಿ, ಇಣುಕಿದರೆ ಕೆಳಗಿನ ಅಂಗಳ ಕಾಣುತ್ತದೆ.

"ಅಂಕಲ್, ನೀವು ನಿಜವಾದ ಕಳ್ಳರಾ?" ಎಂದಳು ಹುಡುಗಿ.

"ಕಳ್ಳ ಅಲ್ಲ. ಮಹಾದುಷ್ಟ."

"ನನ್ನ ಎಷ್ಟು ಹೊತ್ತು ಇಟ್ಕೋತೀರ?"

"ಮಿಂಚುಳ್ಳಿ ಬಂದು ಬಿಡಿಸೋವರೆಗೂ. ಆದ್ರೆ ಇವತ್ತು ಅವನಿಗೆ ಅಷ್ಟು ಸುಲಭಕ್ಕೆ ಸಿಗಲ್ಲ ನಾನು."

"ಸಿಗಲೇಬೇಡಿ" ಎಂದಳು ಅವಳು.

ಇಂಥ ಪ್ರೋತ್ಸಾಹ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮುಸುಕನ್ನು ಮೂಗಿನವರೆಗೆ ಎತ್ತಿ ಉಸಿರು ಬಿಟ್ಟ. ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಹುಟ್ಟಿದ ಹಬ್ಬದ ಮನೆಗೆ ತಿಂದು ಹೋಗುವವನು ಮೂರ್ಖ.

"ನಿಮ್ಮ ಮನೇಲಿ ಕೇಕು ಯಾವುದಮ್ಮಾ?"

"ಯಾವ ಕೇಕು?"

"ಅದೇ, ನಿನ್ನ ಬರ್ತ್‌ಡೇದು."

"ನನ್ನ ಬರ್ತ್‌ಡೇ ರಜೆ ಶುರುವಾದಾಗಲೇ ಆಗ್ಹೋಯ್ತಲ್ಲ."

ಛತ್ರಿಯಣ್ಣ ನಕ್ಕ. ನಗುತ್ತಾ ನಗುತ್ತಾ ನಗು ಅರ್ಧಕ್ಕೇ ನಿಂತಿತು. ಬಲೂನಿಲ್ಲದ ಹಾಲ್ ಕಣ್ಣ ಮುಂದೆ ಬಂತು. ಜಾರಿದ ಲೋಟ ಬಂತು. ಕರಿ ಕೋಟು ಬಂತು.

"ಪುಟ್ಟೀ... ನಿಮ್ಮದು ಎಷ್ಟನೇ ಮಹಡಿ?"

"ಎರಡನೇದು."

ಮೈಯೆಲ್ಲ ಬೆವರಿಳಿಯಿತು. ಆ ಬೆವರಿಗೆ ಸರಿಯಾಗಿ ಕೆಳಗೆ ಬೀದಿಯಲ್ಲಿ ಪೊಲೀಸ್ ಜೀಪಿನ ಸೈರನ್ನು ಕೂಗಿತು. ಅವನು ಜಾಲರಿಯಿಂದ ಇಣುಕಿದ. ಅಂಗಳದಲ್ಲಿ ಇಡೀ ಕಟ್ಟಡವೇ ಸೇರಿತ್ತು. ಯಾರ ಕೈಯಲ್ಲಿ ನೋಡಿದರೂ ಏನಾದರೊಂದು. ಪೊರಕೆ, ಬ್ಯಾಟು, ಪರದೆಯ ಸರಳು. ಒಬ್ಬಾತ ಇಸ್ತ್ರಿ ಪೆಟ್ಟಿಗೆಯನ್ನೇ ಹಿಡಿದುಕೊಂಡು ಬಂದಿದ್ದ. ನಡುವೆ ಒಬ್ಬ ಹೆಂಗಸು ನೆಲದ ಮೇಲೆ ಕುಸಿದು ಕೂತು, "ನನ್ನ ಕಂದ, ನನ್ನ ಕಂದ" ಎನ್ನುತ್ತಿದ್ದಳು. ಅದು ಅಭಿನಯವಲ್ಲ ಎಂದು ಅರ್ಥವಾಗಲು ಅವನಿಗೆ ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಅಯ್ಯೋ, ನಡಿಯಮ್ಮಾ ತಾಯೀ, ನಡಿ! ನಿನ್ನ ಮನೆಗೆ ಬಿಟ್ಟುಬಿಡ್ತೀನಿ, ಕಾಲಿಗೆ ಬೀಳ್ತೀನಿ!"

"ನಾನು ಬರಲ್ಲ."

"ಅಮ್ಮ ಅಳ್ತಾ ಇದಾರೆ ನೋಡು!"

ಹುಡುಗಿ ಜಾಲರಿಯಿಂದ ಇಣುಕಿ ನೋಡಿದಳು. ಆದರೂ ತಲೆ ಅಡ್ಡಡ್ಡ ಆಡಿಸಿದಳು. "ಕೆಳಗೆ ಹೋದ್ರೆ ಮತ್ತೆ ಕುರ್ಚಿ ಮೇಲೆ ಕೂರಿಸ್ತಾರೆ. ಅಪ್ಪ ಬೇಕಾ ಅಮ್ಮ ಬೇಕಾ ಅಂತ ಎಲ್ಲರ ಮುಂದೆ ಹೇಳ್ಬೇಕಂತೆ. ಅಮ್ಮ ಅಂದ್ರೆ ಅಪ್ಪ ಅಳ್ತಾರೆ. ಅಪ್ಪ ಅಂದ್ರೆ ಅಮ್ಮ ಅಳ್ತಾರೆ. ಮಾವ ದಿನಾ ಕೇಳ್ತಾನೆ. ಅಜ್ಜಿ ರಾತ್ರಿ ಮಲಗಿಸುವಾಗ ಕೇಳ್ತಾಳೆ. ನೀವು ನನ್ನ ಕೆಳಗೆ ಕರ್ಕೊಂಡು ಹೋದ್ರೆ ಜೋರಾಗಿ ಕಿರುಚ್ಕೋತೀನಿ. ಆಮೇಲೆ ನಿಮ್ಮನ್ನ ಎಲ್ಲರೂ ಹೊಡೀತಾರೆ."

ಮಗು ಅಪಹರಿಸಿದ ಕಳ್ಳರನ್ನು ಲೋಕ ಕಂಡಿದೆ. ಅಪಹೃತ ಮಗುವಿನ ಕೈಗೆ ಹೀಗೆ ಸಿಕ್ಕಿಬಿದ್ದ ಕಳ್ಳ ಇವನೊಬ್ಬನೇ ಇರಬೇಕು. ಇಟ್ಟುಕೊಂಡರೆ ಜೈಲು. ಬಿಟ್ಟರೆ ಇಸ್ತ್ರಿ ಪೆಟ್ಟಿಗೆ.

ಅಷ್ಟರಲ್ಲಿ ಕೆಳಗೆ ಒಂದು ನೀಲಿ ಬಣ್ಣ ಕಾಣಿಸಿತು. ಮೂರನೆಯ ಮಹಡಿಯ ಬಾಗಿಲ ಹೊರಗೆ ಭಾವನ ನಗೆ ಕೇಳಲೆಂದು ಕಾದೂ ಕಾದೂ ಸಾಕಾಗಿ, ಮಿಂಚುಳ್ಳಿ ಹುಡುಕಿಕೊಂಡು ಅಂಗಳಕ್ಕೆ ಇಳಿದು ಬಂದಿದ್ದ. ಪಾಪ, ಇಳಿದು ಬಂದದ್ದೊಂದೇ ಅವನ ತಪ್ಪು.

"ಇನ್ನೊಬ್ಬ ವೇಷದವನು! ಹಿಡೀರಿ!"

ಕಾವಲುಗಾರ ನೀಲಿ ಉಡುಪನ್ನು ಹಿಡಿದು ಎಳೆದ. ಸೋದರಮಾವ ಕೆನ್ನೆಗೆ ಒಂದು ಬಿಟ್ಟ. ಜಗತ್ತನ್ನು ಕಾಪಾಡುವ ಮಿಂಚುಳ್ಳಿಯ ಧ್ವನಿ ತಾರಸಿಯವರೆಗೂ ಕೇಳಿತು.

"ಅಯ್ಯೋ ಹೊಡೀಬೇಡಿ! ಆ ಕರಿ ಬಟ್ಟೆಯವನು ಯಾರೋ ನನಗೆ ಗೊತ್ತೇ ಇಲ್ಲ ಸಾರ್!"

"ಗೊತ್ತೇ ಇಲ್ಲವಂತೆ" ಎಂದ ಛತ್ರಿಯಣ್ಣ ಜಾಲರಿಗೆ ಮುಖ ಒತ್ತಿ. "ಅವರಕ್ಕನ ಕೈ ಹಿಡಿದವನು ನಾನು! ಗೊತ್ತಿಲ್ಲವಂತೆ!"

"ಆದ್ರೆ ಮೆಟ್ಟಿಲ ಹಿಂದೆ ನೋಡಿ ಸಾರ್, ಅವನು ಯಾವಾಗಲೂ ಅಲ್ಲೇ ಕೂರೋದು!"

ಓಡಿ ಹೋಗಿ ನೋಡಿ ಬಂದರು. ಮೆಟ್ಟಿಲ ಹಿಂದೆ ಒಂದು ಒದ್ದೆ ನೆಲವೊರೆಸುವ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

"ಗೊತ್ತಿಲ್ಲ ಅಂತೀಯ, ಯಾವಾಗಲೂ ಅಲ್ಲೇ ಕೂರ್ತಾನೆ ಅಂತೀಯ, ನೋಡಿದ್ರೆ ಇಲ್ಲ! ದಾರಿ ತಪ್ಪಿಸ್ತೀಯೇನೋ?" ಇನ್ನೊಂದು ಕೆನ್ನೆಗೂ ಬಿತ್ತು.

ಹುಡುಗಿ ಜಾಲರಿಯಿಂದ ಹಿಂದೆ ಸರಿದಳು. "ಮಿಂಚುಳ್ಳಿ ಅಳ್ತಾ ಇದಾನೆ ಅಂಕಲ್" ಎಂದಳು, ನಂಬಲಾಗದೆ.

ಆಗ ಪಕ್ಕದಲ್ಲೇ ಗರ್ರ್ ಎಂದು ಸದ್ದಾಯಿತು. ಕಬ್ಬಿಣದ ಚಕ್ರ ತಿರುಗತೊಡಗಿತು. ಛತ್ರಿಯಣ್ಣ ಹುಡುಗಿಯನ್ನು ತನ್ನ ಕಡೆಗೆ ಎಳೆದುಕೊಂಡು ಗೋಡೆಗೆ ಒತ್ತಿ ನಿಂತ. ಲಿಫ್ಟು ಮೇಲೆ ಬರುತ್ತಿದೆ. ತಂತಿ ನಡುಗಿತು, ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಯಾವುದಾದರೂ ಮಹಡಿಯಲ್ಲಿ ನಿಲ್ಲಲಪ್ಪಾ ಎಂದು ಅವನು ಕಂಡಕಂಡ ದೇವರನ್ನೆಲ್ಲ ಬೇಡಿಕೊಂಡ. ನಿಲ್ಲಲಿಲ್ಲ. ಕಟ್ಟಕಡೆಯ ಮಹಡಿಗೆ ಬಂದು ಕಟಕ್ಕೆಂದು ನಿಂತಿತು. ತಾರಸಿಯ ಬಾಗಿಲು ಕಿರ್ರೆಂದಿತು. ಬೂಟುಗಾಲಿನ ಸದ್ದು.

"ಟ್ಯಾಂಕಿನ ಹಿಂದೆ ನೋಡ್ರೀ" ಎಂದಿತು ಒಂದು ಹೆಣ್ಣು ದನಿ. ಇನ್‌ಸ್ಪೆಕ್ಟರ್ ಮೇಡಂ.

ಬೂಟುಗಳು ಆಚೆ ಹೋದವು. ಈಚೆ ಬಂದವು. ಕೋಣೆಯ ಬಾಗಿಲ ಹೊರಗೆ ನಿಂತವು. ಛತ್ರಿಯಣ್ಣ ಒಂದು ಕೈಯಲ್ಲಿ ರೆಕ್ಕೆಯ ಸಡಿಲ ಸ್ಪ್ರಿಂಗು ಬಿಚ್ಚಿಕೊಳ್ಳದಂತೆ ಅದುಮಿ ಹಿಡಿದಿದ್ದ. ಉಸಿರು ಕೂಡ ಬಿಡಲಿಲ್ಲ. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಇಲ್ಲಿ ಯಾರೂ ಇಲ್ಲ ಮೇಡಂ. ಮೋಟಾರ್ ರೂಮು, ಅಷ್ಟೇ."

"ಸರಿ, ನಡೀರಿ."

ಬೂಟುಗಳು ಹೊರಟವು. ಛತ್ರಿಯಣ್ಣ ನಿಟ್ಟುಸಿರು ಬಿಟ್ಟ. ಉಸಿರಿನ ಜೊತೆ ಬೆರಳೂ ಸಡಿಲವಾಯಿತು.

ಟಪ್!

ಒಂದು ಕಡ್ಡಿ ಬಾಗಿಲಿಗೆ ಢಣ್ ಎಂದು ಬಡಿಯಿತು.

"ಒಳಗಿದಾನೆ! ಬಂದೂಕಿದೆ!"

ಬೂಟುಗಳೆಲ್ಲ ದಡಬಡ ಹಿಂದಕ್ಕೆ ಓಡಿದವು. ಕೆಳಗಿನಿಂದ ಜನ ಏರಿ ಬಂದರು. ಅಪ್ಪ, ಅಮ್ಮ, ಅಜ್ಜಿ, ಕೋಟಿನ ವಕೀಲ, ಎಲ್ಲರ ದನಿಯೂ ಬಾಗಿಲ ಆಚೆ ಸೇರಿಕೊಂಡಿತು. "ಬಾಗಿಲು ಒಡೀರಿ!" ಎಂದು ಸೋದರಮಾವ ಕೂಗಿದ. ಏನೋ ಒಂದು ಭಾರವಾದದ್ದು ಬಾಗಿಲಿಗೆ ಬಂದು ಅಪ್ಪಳಿಸಿತು. ಬಾಗಿಲು ಒಳಕ್ಕೆ ಬಗ್ಗಿತು. ಒಳಕ್ಕೆ ಬಿದ್ದರೆ ಹುಡುಗಿಯ ಮೇಲೆಯೇ, ಹುಡುಗಿಯ ಹಿಂದೆ ಚಕ್ರ. ಛತ್ರಿಯಣ್ಣ ಅವಳನ್ನು ಮೂಲೆಗೆ ನೂಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಇನ್ನೊಂದು ಪೆಟ್ಟು ಬಿತ್ತು. ಅದು ಪೂರ್ತಿ ಅವನ ಬೆನ್ನಿಗೇ.

"ಒಡೀಬೇಡ್ರೀ! ಮಗು ಇದೆ! ಚಕ್ರ ಇದೆ!"

"ನಿಲ್ಲಿಸಿ!" ಎಂದರು ಇನ್‌ಸ್ಪೆಕ್ಟರ್. ಸದ್ದು ನಿಂತಿತು. "ಏಯ್, ಒಳಗಿರೋನೇ! ಮಗುಗೆ ಏನೂ ಮಾಡಬೇಡ. ನಿನಗೆ ಏನು ಬೇಕು ಹೇಳು. ನಿನ್ನ ಬೇಡಿಕೆ ಏನು?"

ಬೇಡಿಕೆ ಏನು ಎಂದು ಆಟದಲ್ಲಿ ಮಿಂಚುಳ್ಳಿಯೂ ಪ್ರತಿ ಭಾನುವಾರ ಕೇಳುತ್ತಿದ್ದ, ಅದಕ್ಕೊಂದು ಬಾಯಿಪಾಠದ ಉತ್ತರವೂ ಇತ್ತು. ಭಯದಲ್ಲಿ ಛತ್ರಿಯಣ್ಣನ ತಲೆ ಓಡಲಿಲ್ಲ, ನಾಲಿಗೆ ಓಡಿತು.

"ಊರಲ್ಲಿರೋ ಚಾಕೊಲೇಟೆಲ್ಲ ನನಗೇ ಬೇಕು! ಹಹ್ಹಹ್ಹಾ!"

ಹೊರಗೆ ಮೇಡಂ ಯಾರನ್ನೋ ಕೇಳಿದರು.

"ಏನಂದ?"

"ಚಾಕೊಲೇಟ್ ಅಂತೆ ಮೇಡಂ."

"ತಲೆ ಕೆಟ್ಟಿದೆ ಅವನಿಗೆ. ಯಾರೂ ಮುಂದೆ ಹೋಗ್ಬೇಡಿ" ಎಂದ ಮೇಡಂ ದನಿಯಲ್ಲಿ ಮೊದಲ ಸಲ ಗಾಬರಿ ಇತ್ತು. ಹೊರಗೆ ಅಮ್ಮನ ಅಳು ಏರಿತು. ಛತ್ರಿಯಣ್ಣ ನಾಲಿಗೆ ಕಚ್ಚಿಕೊಂಡ.

ಆಗ ಹುಡುಗಿ ಅವನ ಅಂಗಿ ಜಗ್ಗಿದಳು. "ಅದಲ್ಲ ಅಂಕಲ್. ನಾನು ಹೇಳ್ಲಾ?"

ಅವನು ಬಗ್ಗಿದ. ಅವಳು ಮುಸುಕಿನ ಮೇಲೆಯೇ ಕಿವಿಯಲ್ಲಿ ಪಿಸುಗುಟ್ಟಿದಳು. ಕೇಳಿಸಿಕೊಂಡು ಅವನು ನೆಟ್ಟಗೆ ನಿಂತ. ಆಮೇಲೆ ಮುಸುಕನ್ನು ಕೆಳಗೆಳೆದು, ಎದೆ ಉಬ್ಬಿಸಿ, ಜನ್ಮದಲ್ಲಿ ತೆಗೆಯದಿದ್ದ ದನಿ ತೆಗೆದ.

"ಕೇಳ್ರೀ ಎಲ್ಲರೂ! ಇನ್ನು ಮುಂದೆ ಈ ಮಗುನ ಅಪ್ಪ ಬೇಕಾ ಅಮ್ಮ ಬೇಕಾ ಅಂತ ಯಾರೂ ಕೇಳಬಾರದು! ಎಲ್ಲರ ಮುಂದೆನೂ ಕೇಳಬಾರದು, ಕಿವೀಲೂ ಕೇಳಬಾರದು, ಮಲಗಿಸುವಾಗಲೂ ಕೇಳಬಾರದು! ಇದು ಇವಳ ಬೇಡಿಕೆ. ಅಲ್ಲ, ನನ್ನ ಬೇಡಿಕೆ! ನೀವು ಒಟ್ಟಿಗೆ ಇರ್ತೀರೋ ಬೇರೆ ಇರ್ತೀರೋ, ದೊಡ್ಡವರು ನೀವೇ ಕೂತು ಬಗೆಹರಿಸ್ಕೊಳ್ಳಿ. ಅದನ್ನ ಇಷ್ಟು ಪುಟ್ಟ ಬಾಯಲ್ಲಿ ಹೇಳಿಸೋಕೆ ನಾಚಿಕೆ ಆಗಲ್ವಾ ನಿಮಗೆ? ನಾನೇ ಮಹಾದುಷ್ಟ ಅಂದ್ಕೊಂಡಿದ್ದೆ ಕಣ್ರೀ!"

ವಕೀಲ ಕೆಮ್ಮಿದ. "ನೋಡಪ್ಪಾ, ಮಗುವಿನ ಇಚ್ಛೆ ತಿಳ್ಕೊಳ್ಳೋದು ಕಾನೂನಿನ ಪ್ರಕಾರ..."

ಹುಡುಗಿ ಮತ್ತೆ ಪಿಸುಗುಟ್ಟಿದಳು.

"ಕೋಟಿನವರು ಬಾಯಿ ಮುಚ್ಚಬೇಕು! ಇದು ಎರಡನೇ ಬೇಡಿಕೆ!"

"ಕಳ್ಳನಾದ್ರೂ ಮಾತು ಸರಿಯಾಗಿದೆ" ಎಂದಿತು ಅಜ್ಜಿಯ ದನಿ, ಮೆಲ್ಲಗೆ. "ನಾನೂ ಕೇಳಿದ್ದೆ. ತಪ್ಪಾಯ್ತು."

"ಕೇಳಲ್ಲ ಕಂದಾ" ಎಂದಳು ಅಮ್ಮ. "ಯಾವತ್ತೂ ಕೇಳಲ್ಲ."

"ನಾನೂ ಕೇಳಲ್ಲ ಪುಟ್ಟಿ" ಎಂದ ಅಪ್ಪ. ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಎಷ್ಟೋ ಕಾಲದ ಮೇಲೆ ಅದೇ ಮೊದಲಂತೆ. ಇದನ್ನೂ ಅಜ್ಜಿಯೇ ಆಮೇಲೆ ಹೇಳಿದ್ದು.

ಹುಡುಗಿ ಕರಿ ರೆಕ್ಕೆಗೆ ಮೂಗು ಒರೆಸಿಕೊಂಡಳು. "ಈಗ ಬಾಗಿಲು ತೆಗೀರಿ ಅಂಕಲ್."

ಬಾಗಿಲು ತೆಗೆದದ್ದೇ ತಡ, ಹುಡುಗಿ ಅಮ್ಮನ ಮಡಿಲಿಗೆ, ಛತ್ರಿಯಣ್ಣ ಪೊಲೀಸರ ಕೈಗೆ. ಮುಸುಕು ಕಿತ್ತರು, ಕೊಕ್ಕೆ ಕಸಿದರು, ರೆಕ್ಕೆ ಮಡಚಿದರು, ಒಂದು ಕೈಗೆ ಬೇಡಿ ಹಾಕಿದರು. ಹೊಡೆಯಲು ಕೈಯೆತ್ತಿದ ಸೋದರಮಾವನನ್ನು ಇನ್‌ಸ್ಪೆಕ್ಟರ್ ತಡೆದರು. ಅಷ್ಟರಲ್ಲಿ ಕೈಯಲ್ಲಿ ಕೇಕಿನ ಚಾಕು ಹಿಡಿದುಕೊಂಡೇ ಮೂರನೆಯ ಮಹಡಿಯ ಗೃಹಿಣಿ ಓಡಿಬಂದಳು.

"ಅಯ್ಯೋ, ಇವರು ನಮ್ಮ ಮನೆ ವಿಲನ್ನು! ನಾವು ಕರೆಸಿರೋದು ಮೇಡಂ! ಮಕ್ಕಳು ಆಗಲಿಂದ ಕಾದು ಕೂತಿದಾವೆ, ಕೇಕಿನ ಕ್ರೀಮೆಲ್ಲ ಇಳೀತಾ ಇದೆ!"

ಎಲ್ಲರೂ ಛತ್ರಿಯಣ್ಣನನ್ನು ನೋಡಿದರು. ಅವನು ತಲೆ ತಗ್ಗಿಸಿ, "ಕಾರು ನಿಲ್ಲಿಸೋ ಜಾಗನೂ ಎಣಿಸಿಬಿಟ್ಟೆ" ಎಂದ.

"ಒಂದು ಮಾತು ಕಾವಲುಗಾರನ್ನ ಕೇಳೋಕಾಗಲಿಲ್ವೇನ್ರೀ?" ಎಂದು ಗುಡುಗಿದರು ಇನ್‌ಸ್ಪೆಕ್ಟರ್.

"ಕರಿಗಾಳ ಕೇಳಲ್ಲ ಮೇಡಂ" ಎಂದ ಅವನು, ಸಣ್ಣ ದನಿಯಲ್ಲಿ.

"ಕೇಸು ಹಾಕಿ! ಬಿಡಬಾರದು!" ಎಂದ ಸೋದರಮಾವ. ಇನ್‌ಸ್ಪೆಕ್ಟರ್ ಎಲ್ಲರನ್ನೂ ಕೆಳಗೆ ಹೊರಡಿಸಿದರು. ಮೆಟ್ಟಿಲ ಮೇಲೆ ಮೆರವಣಿಗೆ ಹೊರಟಿತು. ಮುಂದೆ ವಕೀಲ, ಹಿಂದೆ ಊದಿದ ಕೆನ್ನೆಯ ಮಿಂಚುಳ್ಳಿ, ನಡುವೆ ಬೇಡಿ ಬಿದ್ದ ಕರಿಗಾಳ. ಅವನ ಪಕ್ಕದಲ್ಲೇ ಹುಡುಗಿ ಒಂದೊಂದೇ ಮೆಟ್ಟಿಲು ಹಾರುತ್ತಾ ಇಳಿಯುತ್ತಿದ್ದಳು. ಎರಡನೆಯ ಮಹಡಿ ಬಂತು. ಅಪ್ಪ ಅಮ್ಮ ಮನೆಯ ಬೀಗ ತೆಗೆಯಲು ಮುಂದೆ ಹೋದರು. ಸೋದರಮಾವ ಆಚೆ ಈಚೆ ನೋಡಿ, ಹುಡುಗಿಯ ಪಕ್ಕಕ್ಕೆ ಸರಿದು, ಬಗ್ಗಿ, ಮೆತ್ತಗೆ ಹೇಳಿದ.

"ಪುಟ್ಟೀ, ಈಗ ಯಾರೂ ಇಲ್ಲ. ಮಾವನಿಗೆ ಮಾತ್ರ ಹೇಳಮ್ಮ. ನಿನಗೆ ಯಾರು ಬೇ..."

ಟಪ್!

ಮಾವನ ಮೂಗಿಗೆ ಕರಿ ಬಟ್ಟೆ ಬಡಿಯಿತು. ಅವನು ಹಿಂದಕ್ಕೆ ಮುಗ್ಗರಿಸಿ ಚಪ್ಪಲಿಗಳ ರಾಶಿಯ ಮೇಲೆ ಕುಳಿತ. ಬಿಚ್ಚಿದ ರೆಕ್ಕೆಯ ಈ ಬದಿಯಲ್ಲಿ ಹುಡುಗಿ ನಿಂತಿದ್ದಳು. ಮಧ್ಯಾಹ್ನದಿಂದ ಮೊದಲ ಸಲ ನಗುತ್ತಿದ್ದಳು.

"ಕ್ಷಮಿಸಿ ಮೇಡಂ" ಎಂದ ಛತ್ರಿಯಣ್ಣ. "ಸ್ಪ್ರಿಂಗು ಸಡಿಲ. ತಾನಾಗೇ ಬಿಚ್ಕೊಳ್ಳುತ್ತೆ."

ಇನ್‌ಸ್ಪೆಕ್ಟರ್ ಅವನ ಸೊಂಟದ ಕಡೆ ನೋಡಿದರು. ಬೇಡಿ ಹಾಕಿದ ಕೈಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಅವರು ಜೇಬಿನಿಂದ ಕೀಲಿ ತೆಗೆದು ಬೇಡಿ ಬಿಚ್ಚಿದರು.

"ಮೂರನೇ ಮಹಡಿ ಮೇಲಿದೆ. ಹೋಗಿ ಸೋತು ಬಾ, ಮಕ್ಕಳು ಕಾಯ್ತಾ ಇದಾರೆ. ಆಮೇಲೆ ಠಾಣೆಗೆ ಬಂದು ನನಗೆ ಮುಖ ತೋರಿಸು" ಎಂದರು. ಅವನು ಎರಡು ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಕರೆದರು. "ಏಯ್ ಕರಿಗಾಳ, ಆ ಸ್ಪ್ರಿಂಗು ಹಾಗೇ ಇರಲಿ. ರಿಪೇರಿ ಮಾಡಬೇಡ."